ಹುಲಿಕೆರೆ ಕೊಳದಲ್ಲಿ ರಾಣಿ ಈಜಿದ್ದಳೇ?

ಪ್ರಶ್ನೆ: ಮಕ್ಕಳ ಜೊತೆ ಹಳೇಬೀಡಿಗೆ ಹೋದಾಗ ಹುಲಿಕೆರೆ ಕೊಳವನ್ನೂ ನೋಡಿ ಬಂದೆವು. ಶಾಂತಲಾ ರಾಣಿ ಸಖಿಯರ ಜೊತೆ ಜಲಕ್ರೀಡೆ ಆಡುತ್ತಿದ್ದ ಕೊಳ ಇದೇ ಅಂತ ಅಲ್ಲಿದ್ದವರೊಬ್ಬರು ಹೇಳಿದರು. ನಿಜವಾ ಸಾರ್? ಹಿಂದಿನವರು ಈಜನ್ನು ಆಟ ಅಂತ ಆಡುತ್ತಿದ್ದರಾ, ಇಲ್ಲ ನೀರಿಗಿಳಿಯುತ್ತಿದ್ದದ್ದು ಬರೀ ಸ್ನಾನಕ್ಕಾ? ಇನ್ನೊಂದು ವಿಷಯ. ನಮ್ಮ ತಂದೆ ಊರ ಕೆರೆಯಲ್ಲೇ ಈಜು ಕಲಿತವರು. ಮೊಮ್ಮಗನನ್ನೂ ಅಲ್ಲಿಗೇ ಕರೆದುಕೊಂಡು ಹೋಗ್ತೀನಿ ಅಂತ ಹಟ ಹಿಡಿದಿದ್ದಾರೆ. ಕಳಿಸಲಾ?
ಅರಸೀಕೆರೆಯ ಓದುಗರು

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹುಲಿಕೆರೆ ಕೊಳ ಈಜುವುದಕ್ಕೆ ಕಟ್ಟಿದ್ದಲ್ಲ. ಕೊನೆಯದಕ್ಕೂ ಉತ್ತರ ಚಿಕ್ಕದೇ, ಆದರೆ ಅದಕ್ಕೆ ಕಾರಣ ತಿಳಿಯಬೇಕಾದರೆ ಮಧ್ಯದ ಪ್ರಶ್ನೆ ದಾಟಿ ಬರಬೇಕು. ಸ್ವಲ್ಪ ತಾಳ್ಮೆ ಇರಲಿ.

ಹುಲಿಕೆರೆಯ ಕೊಳವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊಯ್ಸಳರ ಕಾಲದ ಕಲ್ಯಾಣಿ. ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿಯುತ್ತಾ ಹೋದಂತೆ ಕೊಳ ಕಿರಿದಾಗುತ್ತದೆ. ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗುಡಿಗಳು. ರಾಣಿ ಆಟವಾಡುವ ಕೊಳಕ್ಕೆ ಸುತ್ತಲೂ ಇಷ್ಟೊಂದು ಗುಡಿ ಯಾಕೆ ಬೇಕು? ಅದೂ ಹೋಗಲಿ, ಆ ಮೆಟ್ಟಿಲನ್ನೇ ನೋಡಿ. ಮಳೆಗಾಲ ಮುಗಿದಾಗ ನೀರು ಮೇಲಿನ ಮೆಟ್ಟಿಲ ತನಕ ಬಂದು ನಿಂತಿರುತ್ತದೆ. ಶಿವರಾತ್ರಿ ಹೊತ್ತಿಗೆ ಕೆಳಗಿಳಿಯುತ್ತದೆ. ಯುಗಾದಿ ಕಳೆದರೆ ಇನ್ನೂ ಕೆಳಕ್ಕೆ. ಯಾವ ತಿಂಗಳು ಬಂದರೂ ಸ್ನಾನ ಮಾಡುವವರ ಕಾಲಿಗೆ ಒಂದು ಮೆಟ್ಟಿಲು ಸಿಗಬೇಕು, ನೀರು ಸೊಂಟದ ಮಟ್ಟಕ್ಕಿರಬೇಕು, ಮೂಗು ಹಿಡಿದು ಮೂರು ಸಲ ಮುಳುಗಿ ಏಳುವಂತಿರಬೇಕು. ಕಲ್ಯಾಣಿ ಕಟ್ಟಿದವರ ಲೆಕ್ಕ ಅಷ್ಟೇ. ಬೇಲೂರಿನ ದೇವಸ್ಥಾನದ ಈಶಾನ್ಯ ಮೂಲೆಯಲ್ಲಿರುವ ವಾಸುದೇವ ತೀರ್ಥವೂ ಇದೇ ಜಾತಿಯದು. ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳ ನಡುವೆ ಇರುವ ದೊಡ್ಡ ಕಲ್ಯಾಣಿಯೂ ಹಾಗೇ. ಇಂಥ ಕಡೆ ಮೇಲಿನಿಂದ ಧುಮುಕಿದರೆ ನೀರಿನ ಕೆಳಗೆ ಕಾಣದೆ ಕೂತಿರುವ ಮೆಟ್ಟಿಲಿನ ಅಂಚಿಗೆ ತಲೆ ಬಡಿಯುತ್ತದೆ.

ಇದು ಹೊಯ್ಸಳರೇ ಕಂಡುಹಿಡಿದ ಉಪಾಯ ಅಂತಲ್ಲ. ಸುಮಾರು ನಾಲ್ಕೂವರೆ ಸಾವಿರ ವರ್ಷದ ಹಿಂದೆ ಮೊಹೆಂಜೊದಾರೊದಲ್ಲಿ ಕಟ್ಟಿದ ಸ್ನಾನದ ಕೊಳಕ್ಕೂ ಎರಡು ಬದಿಯಲ್ಲಿ ಮೆಟ್ಟಿಲಿದೆ. ಅಂದಾಜು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ನೀರು ಸೋರದಿರಲಿ ಅಂತ ಇಟ್ಟಿಗೆಗೆ ಡಾಂಬರಿನಂಥದ್ದನ್ನು ಬಳಿದಿದ್ದಾರೆ. ಈಗಿನ ಲೆಕ್ಕದಲ್ಲಿ ಅದು ರೆಸಾರ್ಟ್‌ನ ಸಣ್ಣ ಪೂಲ್ ಅಷ್ಟೇ. ಅಲ್ಲಿ ಈಜುವುದಕ್ಕೆ ಹೋದರೆ ನಾಲ್ಕು ಕೈ ಹಾಕುವಷ್ಟರಲ್ಲಿ ಗೋಡೆ ಸಿಗುತ್ತದೆ.

ಹಾಗಾದರೆ ರಾಣಿಯ ಜಲಕ್ರೀಡೆ ಎಲ್ಲಿಂದ ಬಂತು? ಕಾವ್ಯದಿಂದ. ನಮ್ಮ ಹಳಗನ್ನಡದ ಚಂಪೂ ಕಾವ್ಯಗಳಿಗೆ ಹದಿನೆಂಟು ವರ್ಣನೆಗಳ ಒಂದು ಪಟ್ಟಿ ಇತ್ತು. ಸಮುದ್ರ, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ ಅಂತ ಹೋಗುವ ಆ ಪಟ್ಟಿಯಲ್ಲಿ ಜಲಕ್ರೀಡೆಯೂ ಒಂದು. ಕಥೆಗೆ ಬೇಕಿರಲಿ ಬಿಡಲಿ, ಕವಿ ಅದನ್ನು ಬರೆಯಲೇಬೇಕು. ರಾಜ ಅಂದಮೇಲೆ ಅವನ ಕಾವ್ಯದಲ್ಲಿ ಒಂದು ಕೊಳ, ಕೊಳದಲ್ಲಿ ಅರಸಿಯರು, ಅವರ ಮೈಗೆ ಹಚ್ಚಿದ ಗಂಧ ಕರಗಿ ನೀರೆಲ್ಲ ಕೆಂಪಾಗುವುದು, ಮುಖವನ್ನು ತಾವರೆ ಅಂದುಕೊಂಡು ದುಂಬಿ ಬರುವುದು, ಎಲ್ಲ ಇರಲೇಬೇಕು. ಕಾವ್ಯದ ಆ ಕೊಳವನ್ನು ಹುಡುಕಿಕೊಂಡು ಬಂದವರಿಗೆ ಕಣ್ಣಿಗೆ ಬಿದ್ದದ್ದು ಹುಲಿಕೆರೆ. ಶಾಂತಲೆಯ ಹೆಸರು ಹೇಳಿದರೆ ಪ್ರವಾಸಿಗಳಿಗೂ ಖುಷಿ. ಸುಮ್ನೆ ಕೇಳಿ ಬಿಟ್ಟುಬಿಡಿ. ಅರಸೀಕೆರೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ, ಅರಸಿಯರು ನೀರಲ್ಲಿ ಆಡಿದ್ದಕ್ಕಿಂತ ಕೆರೆ ಕಟ್ಟೆ ಕಟ್ಟಿಸಿದ್ದಕ್ಕೆ ನಮ್ಮ ಸೀಮೆಯಲ್ಲಿ ಪುರಾವೆ ಜಾಸ್ತಿ.

ಹಾಗಂತ ಜಲಕ್ರೀಡೆ ಪೂರ್ತಿ ಕಲ್ಪನೆಯೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದರೆ ಶಾಂತಲೆಯ ಗಂಡ ವಿಷ್ಣುವರ್ಧನನ ಕಾಲದವನೇ, 'ಮಾನಸೋಲ್ಲಾಸ' ಅನ್ನುವ ಸಂಸ್ಕೃತ ಗ್ರಂಥ ಬರೆದ. ರಾಜನಾದವನು ಹೇಗೆ ಆಳಬೇಕು, ಏನು ಉಣ್ಣಬೇಕು, ಹೇಗೆ ಕಾಲ ಕಳೆಯಬೇಕು ಅಂತ ನೂರು ಅಧ್ಯಾಯಗಳಲ್ಲಿ ಹೇಳುತ್ತಾನೆ. ಅದರಲ್ಲಿ ಸ್ನಾನದ ಮಾತು ಒಂದು ಕಡೆ ಬರುತ್ತದೆ, ನೀರಾಟದ ಮಾತು ಇನ್ನೊಂದು ಕಡೆ. ಸ್ನಾನ ಭೋಗದ ಪಟ್ಟಿಯಲ್ಲಿ, ನೀರಾಟ ಕ್ರೀಡೆಯ ಪಟ್ಟಿಯಲ್ಲಿ. ಎರಡನ್ನೂ ಬೇರೆ ಮಾಡಿಟ್ಟಿದ್ದಾನೆ ಅನ್ನುವುದನ್ನು ಗಮನಿಸಿ.

ಆ ಆಟ ಎಂಥದ್ದು ಅನ್ನುವುದರಲ್ಲಿ ಸ್ವಾರಸ್ಯವಿದೆ. ಕಾಮಸೂತ್ರ ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ನೀರಿಗೆ ಸಂಬಂಧಿಸಿದವು ಎರಡಿವೆ. ಒಂದು ಉದಕವಾದ್ಯ, ನೀರನ್ನೇ ಮದ್ದಲೆಯ ಹಾಗೆ ಬಡಿದು ಸದ್ದು ಬರಿಸುವುದು. ಇನ್ನೊಂದು ಉದಕಾಘಾತ, ಅಂಗೈಯಿಂದ ಗುರಿಯಿಟ್ಟು ನೀರೆರಚುವುದು. ಈಜು ಆ ಪಟ್ಟಿಯಲ್ಲೇ ಇಲ್ಲ! ಅಂದರೆ ಹಳೆಯ ಪುಸ್ತಕಗಳ ನೀರಾಟ ಸೊಂಟದ ತನಕ ನೀರಲ್ಲಿ ನಿಂತು ಎರಚಾಡುವ ಆಟ. ಜೀರ್ಕೊಳವೆಯಲ್ಲಿ ಬಣ್ಣದ ನೀರು ಹಾರಿಸುವುದೂ ಅದರ ಜೊತೆಗೆ ಸೇರುತ್ತದೆ. ಇವತ್ತಿಗೂ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಜಾತ್ರೆ ಮುಗಿದ ಮೇಲೆ ಓಕುಳಿ ಆಡುತ್ತಾರಲ್ಲ, ಅರಿಸಿನ ಸುಣ್ಣ ಕದಡಿದ ಕೆಂಪು ನೀರಿನಲ್ಲಿ, ಅದು ಈ ಆಟದ ಮುಂದುವರಿಕೆ ಅಂತಲೇ ನನ್ನ ಅಭಿಪ್ರಾಯ. ಅರಮನೆಯ ಆಟ ಊರ ಬೀದಿಗೆ ಬಂತೋ, ಬೀದಿಯ ಆಟ ಅರಮನೆಗೆ ಹೋಯಿತೋ ಅಂತ ಕೇಳಿದರೆ, ಬೀದಿಯದೇ ಮೊದಲು ಅಂತ ನಾನು ಬಾಜಿ ಕಟ್ಟುತ್ತೇನೆ.

ಈಜು ಬೇರೆಯೇ ಜನರ ಕೈಯಲ್ಲಿತ್ತು. ಅವರಿಗೆ ಅದು ಆಟಕ್ಕಿಂತ ಮೊದಲು ಕೆಲಸ. ಬೆಸ್ತರು, ಅಂಬಿಗರು, ದನ ಕಾಯುವ ಹುಡುಗರು, ಕೆರೆಯ ನೀರುಗಂಟಿ. ಈ ನೀರುಗಂಟಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಹಳೇ ಕೆರೆಗಳಲ್ಲಿ ಏರಿಯಿಂದ ಸ್ವಲ್ಪ ದೂರ, ನೀರಿನ ಮಧ್ಯೆ ಎರಡು ಕಲ್ಲುಕಂಬ ನಿಂತಿರುತ್ತವೆ, ಅವಕ್ಕೆ ಅಡ್ಡಲಾಗಿ ಒಂದೆರಡು ಕಲ್ಲು. ಎಷ್ಟೋ ಜನ ಅದನ್ನು ಬಿದ್ದುಹೋದ ಮಂಟಪ ಅಂದುಕೊಳ್ಳುತ್ತಾರೆ. ಅದು ತೂಬು. ಅಡ್ಡಕಲ್ಲಿನ ನಡುವೆ ಒಂದು ತೂತು, ಅದರೊಳಗಿಂದ ಇಳಿಬಿಟ್ಟ ಗಳು, ಗಳುವಿನ ತುದಿಗೆ ಬಿರಡೆ. ಬಿರಡೆ ಎತ್ತಿದರೆ ಗದ್ದೆಗೆ ನೀರು, ಇಳಿಸಿದರೆ ಬಂದ್. ಕೆರೆ ತುಂಬಿದಾಗ ನೀರುಗಂಟಿ ಏರಿಯಿಂದ ಈಜಿಕೊಂಡು ಹೋಗಿ, ಅಡ್ಡಕಲ್ಲು ಹತ್ತಿ, ಗಳು ಎತ್ತಬೇಕು. ಕೆಳಗೆ ಹೂಳು ಕಚ್ಚಿಕೊಂಡು ಬಿರಡೆ ಜಗ್ಗದಿದ್ದರೆ ಉಸಿರು ಹಿಡಿದು ಮುಳುಗಿ ಕೈಯಲ್ಲೇ ಕೆರೆದು ಬಿಡಿಸಬೇಕು. ತೂಬು ಎಳೆಯುವ ಸೆಳೆತಕ್ಕೆ ಕಾಲು ಕೊಟ್ಟರೆ ಮುಗಿಯಿತು. ನಮ್ಮ ಸೀಮೆಯ ನಿಜವಾದ ಈಜುಗಾರ ಇವನು. ಇವನ ಮೇಲೆ ಯಾವ ಕವಿಯೂ ವರ್ಣನೆ ಬರೆಯಲಿಲ್ಲ.

ಹರಿಗೋಲಿನವರದೂ ಅದೇ ಕಥೆ. ಸೇತುವೆಗಳು ಬರುವ ಮುಂಚೆ ಹೇಮಾವತಿ, ತುಂಗೆ, ಭದ್ರೆ ದಾಟಬೇಕಾದರೆ ಹರಿಗೋಲೇ ಗತಿ. ಬಿದಿರಿನ ದಬ್ಬೆ ಹೆಣೆದು ದುಂಡಗೆ ಬುಟ್ಟಿಯ ಹಾಗೆ ಮಾಡಿ, ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಮುಂದೆ ಹಿಂದೆ ಅಂತ ಇಲ್ಲದ ದೋಣಿ ಇದು. ಹುಟ್ಟನ್ನು ಒಂದೇ ಬದಿಗೆ ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಈಗ ಪ್ರವಾಸಿಗಳನ್ನು ಕೂರಿಸಿಕೊಂಡು ಬೇಕಂತಲೇ ತಿರುಗಿಸುತ್ತಾರೆ, ಅದಕ್ಕೇ ದುಡ್ಡು. ಅಂಬಿಗನ ಕೌಶಲ ಇದ್ದದ್ದು ಅದು ತಿರುಗದ ಹಾಗೆ ನೋಡಿಕೊಳ್ಳುವುದರಲ್ಲಿ.

ಹುಡುಗರ ಈಜಿನ ಶಾಲೆಯಲ್ಲಿ ಮೇಷ್ಟ್ರು ಯಾರೂ ಇರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ, ಇಲ್ಲವಾದರೆ ಕತ್ತಾಳೆ ದಂಟಿನ ಬೆಂಡು. ಅದೂ ಇಲ್ಲದಿದ್ದರೆ ಎಮ್ಮೆಯ ಬಾಲ. ಎಮ್ಮೆ ಯಾವತ್ತೂ ಮುಳುಗುವುದಿಲ್ಲ, ಗಾಬರಿಯೂ ಬೀಳುವುದಿಲ್ಲ, ತನಗೆ ಸಾಕಾದಾಗ ದಡಕ್ಕೆ ಬಂದೇ ಬರುತ್ತದೆ. ಇದಕ್ಕಿಂತ ಒಳ್ಳೆಯ ಕೋಚ್ ಸಿಗುವುದು ಕಷ್ಟ. ನಮ್ಮ ಹಳ್ಳಿಯವರ ಈಜಿನಲ್ಲಿ ತಲೆ ಯಾವಾಗಲೂ ನೀರಿನ ಮೇಲೆ. ಈಗಿನ ಕೋಚ್‌ಗಳು ಅದನ್ನು ತಪ್ಪು ಅನ್ನುತ್ತಾರೆ. ವೇಗಕ್ಕೆ ತಪ್ಪೇ. ಆದರೆ ಕದಡಿದ ಕೆರೆಯಲ್ಲಿ, ಎದುರಿಗೆ ಕೊಂಬಿನ ದನ ಬರುತ್ತಿರುವಾಗ ಮುಖ ಮುಳುಗಿಸಿ ಈಜು ಅಂದರೆ ಯಾರು ಕೇಳುತ್ತಾರೆ?

ಈಜನ್ನು ಗಡಿಯಾರ ಹಿಡಿದು ಪಂದ್ಯ ಮಾಡಿದ್ದು ಈಚಿನ ಸಂಗತಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಒಂದು ರೂಪಕ್ಕೆ ಬಂತು. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಈಜಿನ ಪಂದ್ಯಗಳು ನಡೆದದ್ದು ಪಿರೇಯಸ್ ಹತ್ತಿರದ ಸಮುದ್ರದಲ್ಲಿ, ಅದೂ ಕೊರೆಯುವ ಚಳಿ ನೀರಿನಲ್ಲಿ. 1900ರಲ್ಲಿ ಪ್ಯಾರಿಸ್‌ನವರು ಸೇನ್ ನದಿಗೆ ಇಳಿಸಿದರು. ಒಲಿಂಪಿಕ್ಸ್‌ಗೆ ಕಟ್ಟಿದ ಕೊಳ ಸಿಕ್ಕಿದ್ದು 1908ರಲ್ಲಿ, ಲಂಡನ್‌ನಲ್ಲಿ. ಅಲ್ಲಿಯ ತನಕ ಅವರೂ ಒಂಥರಾ ಕೆರೆ ಈಜಿನವರೇ.

ಇನ್ನು ಸ್ನಾನ. ಇದರಲ್ಲಿ ಮಾತ್ರ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಸಾಟಿ ಕಡಿಮೆ. ತುಂಗಾ ಪಾನ, ಗಂಗಾ ಸ್ನಾನ ಅನ್ನುತ್ತಾರೆ. ಕುಡಿಯೋಕೆ ತುಂಗೆ, ಮೀಯೋಕೆ ಗಂಗೆ. ಆದರೂ ಶೃಂಗೇರಿಗೆ ಹೋದವರು ತುಂಗೆಯಲ್ಲಿ ಒಂದು ಮುಳುಗು ಹಾಕದೇ ಬರುತ್ತಾರಾ? ಅಲ್ಲಿನ ಮೆಟ್ಟಿಲ ಹತ್ತಿರ ಮೀನುಗಳ ಹಿಂಡೇ ಇದೆ, ಯಾರೂ ಹಿಡಿಯುವ ಹಾಗಿಲ್ಲ. ಕಾವೇರಿ ದಡದ ರಾಮನಾಥಪುರದಲ್ಲೂ ಹೀಗೇ ಕಾಪಾಡಿದ ಮೀನುಗಳಿವೆ. ತುಲಾ ಮಾಸದಲ್ಲಿ ಕಾವೇರಿ ಸ್ನಾನಕ್ಕೆ ಜನ ಅಲ್ಲಿಗೆ ಬರುತ್ತಾರೆ. ಕಳಸದ ಸುತ್ತ ಭದ್ರೆಯ ಪಂಚತೀರ್ಥಗಳಿವೆ. ಅದರಲ್ಲಿ ಅಂಬಾತೀರ್ಥದ ದೊಡ್ಡ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅಂತ ಪ್ರತೀತಿ, ಬಂಡೆಯ ಮೇಲೆ ಬರಹವೂ ಇದೆ. ಬಂಡೆ ನೋಡಿ ಕೈ ಮುಗಿದು ಬನ್ನಿ. ಅಲ್ಲಿ ನೀರಿಗಿಳಿಯುವ ಸಾಹಸ ಬೇಡ.

ಕಲ್ಲತ್ತಿಗಿರಿಯಲ್ಲಿ ಅಬ್ಬಿಯ ನೀರು ವೀರಭದ್ರನ ಗುಡಿಯ ಪಕ್ಕದಲ್ಲೇ ಬೀಳುತ್ತದೆ, ಕೆಳಗೆ ತಲೆ ಕೊಟ್ಟು ನಿಲ್ಲುವುದೇ ಹರಕೆ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರೆಯಲ್ಲಿ ಮಿಂದವರು ಉಟ್ಟ ಬಟ್ಟೆಯಲ್ಲಿ ಒಂದನ್ನು ಅಲ್ಲೇ ಬಿಟ್ಟು ಬರುವ ರೂಢಿ ಬೆಳೆದಿದೆ. ಯಾರಾದರೂ ಕೋಪ ಮಾಡಿಕೊಂಡರೂ ಸರಿ, ಹೇಳಿಬಿಡುತ್ತೇನೆ: ಆ ಬಟ್ಟೆ ರಾಶಿ ಕೊಳೆತು ಹಳ್ಳಕ್ಕೆ ಸೇರುವುದನ್ನು ನೋಡಿದರೆ ಯಾವ ಪಾಪ ಎಲ್ಲಿ ಕಳೆಯಿತು ಅಂತ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ಹಾಸನ ಜಿಲ್ಲೆಯ ಅತಿ ದೊಡ್ಡ ಸ್ನಾನ ಮನುಷ್ಯರದ್ದೇ ಅಲ್ಲ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ನೀರು, ಹಾಲು, ಕಬ್ಬಿನ ಹಾಲು, ಅರಿಸಿನ, ಗಂಧ ಎರೆಯುತ್ತಾರೆ. ಹಿಂದಿನ ಮಹಾಮಸ್ತಕಾಭಿಷೇಕ 2018ರಲ್ಲಿ ಆಯಿತು.

ದೇವರ ಮಾತು ಬಿಟ್ಟು ಬಚ್ಚಲಿಗೆ ಬರೋಣ. ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಮನೆಯಲ್ಲಿ ಬೆಚ್ಚಗಿನ ಜಾಗ ಅಂದರೆ ಬಚ್ಚಲುಮನೆಯೇ. ಒಲೆಗೆ ಹೂಡಿದ ತಾಮ್ರದ ಹಂಡೆ, ಹೊಗೆಗೆ ಕಪ್ಪಾದ ಗೋಡೆ, ಪಕ್ಕದಲ್ಲಿ ಒಣಗಲಿಟ್ಟ ಹಸಿ ಸೌದೆ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕುತ್ತಿಗೆಗೆ ಹಾಗಲ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಾರೆ. ಮರುದಿನ ನಸುಕಿಗೆ ತಲೆಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ಎಣ್ಣೆ ತೆಗೆಯೋಕೆ ಸೀಗೆಪುಡಿ, ಕಡಲೆಹಿಟ್ಟು. ಕೂದಲಿಗೆ ದಾಸವಾಳದ ಸೊಪ್ಪಿನ ಲೋಳೆ. ಎಣ್ಣೆ ಹಚ್ಚುವ ಅಜ್ಜಿ ಬೆನ್ನು ತಟ್ಟುತ್ತಾ ಆಯುಷ್ಯ ಹರಸುತ್ತಿದ್ದರು. ಸೀಗೆಪುಡಿ ಕಣ್ಣಿಗೆ ಬಿದ್ದ ಮಗುವಿಗೆ ಆ ಹರಕೆ ಕೇಳಿಸುತ್ತಿರಲಿಲ್ಲ ಬಿಡಿ. ಬಾಣಂತಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಆಮೇಲೆ ಸಾಂಬ್ರಾಣಿ ಹೊಗೆ. ಕೆರೆ, ಹೊಳೆ ಗಂಡಸರದ್ದಾದರೆ ಬಚ್ಚಲ ರಾಜ್ಯ ಪೂರ್ತಿ ಹೆಂಗಸರದ್ದು.

ಹೆಂಗಸರು ಹೊಳೆಗೆ ಹೋಗುತ್ತಿರಲಿಲ್ಲ ಅಂತಲ್ಲ. ಹೋಗುತ್ತಿದ್ದರು. ಬಟ್ಟೆ ಒಗೆಯೋಕೆ, ಪಾತ್ರೆಗೆ, ಕೊಡ ತುಂಬೋಕೆ. ಹುಡುಗ ಎಂಟು ವರ್ಷಕ್ಕೆ ಈಜು ಕಲಿತರೆ ಭೇಷ್ ಅಂದರು. ಹುಡುಗಿ ಅದೇ ನೀರಿನ ಪಕ್ಕ ಕೂತು ಬಟ್ಟೆ ಕುಕ್ಕಿದಳು. ನಮ್ಮ ಅಜ್ಜಿಯರಲ್ಲಿ ಈಜು ಬರುತ್ತಿದ್ದವರು ಎಷ್ಟು ಮಂದಿ ಅಂತ ನಿಮ್ಮ ಮನೆಯಲ್ಲೇ ಕೇಳಿ ನೋಡಿ.

ಜಾತಿಯ ವಿಷಯ ಇನ್ನೂ ಕಟು. ಕಲ್ಯಾಣಿಯ ಮೆಟ್ಟಿಲು ಎಲ್ಲರ ಕಾಲಿಗೂ ಕಟ್ಟಿದ್ದಲ್ಲ. ಊರಿನ ಒಂದು ಭಾಗದ ಜನರಿಗೆ ದೇವಸ್ಥಾನದ ಕೊಳವೂ ಇಲ್ಲ, ಸೇದುವ ಬಾವಿಯೂ ಇಲ್ಲ, ಹೊಳೆಯಲ್ಲಿ ಕೂಡ ಕೆಳಗಿನ ಮಗ್ಗುಲು. 1927ರಲ್ಲಿ ಅಂಬೇಡ್ಕರ್ ಅವರು ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದದ್ದು ಚಳವಳಿ ಆಯಿತು ಅಂದರೆ, ನೀರಿನ ಹತ್ತಿರ ಹೋಗುವುದೇ ಎಷ್ಟು ದೊಡ್ಡ ಮಾತಾಗಿತ್ತು ಅಂತ ತಿಳಿಯುತ್ತದೆ. ಎಮ್ಮೆಗೆ ಕೆರೆಯಲ್ಲಿ ಬೀಳಲು ಅಡ್ಡಿ ಇರಲಿಲ್ಲ. 'ನಮ್ಮ ಸ್ನಾನ ಸಂಸ್ಕೃತಿ' ಅಂತ ಹೆಮ್ಮೆಯಿಂದ ಮಾತಾಡುವವರು ಇದನ್ನು ಬಿಟ್ಟು ಮಾತಾಡಿದರೆ ಅರ್ಧ ಕಥೆ ಹೇಳಿದ ಹಾಗೆ.

ಈಗ ನಿಮ್ಮ ಮೂರನೇ ಪ್ರಶ್ನೆ. ನಿಮ್ಮ ತಂದೆ ಕಲಿತ ಕೆರೆ ಮತ್ತು ಈಗಿರುವ ಕೆರೆ ಒಂದೇ ಅಲ್ಲ. ಆಗ ಕೆರೆಯ ತಳ ಏರಿಯ ಕಡೆಗೆ ನಿಧಾನಕ್ಕೆ ಆಳವಾಗುತ್ತಾ ಹೋಗುತ್ತಿತ್ತು. ಎಲ್ಲಿ ಎದೆಮಟ್ಟ, ಎಲ್ಲಿ ಆಳು ಮುಳುಗುವ ಆಳ ಅಂತ ದನ ಕಾಯುವ ಹುಡುಗನಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುವಾಗ ತಳ ಒಂದೇ ಸಮ ಸವೆಯುತ್ತಿತ್ತು. ಈಗ ಜೆಸಿಬಿ ಬಂದು ಇಟ್ಟಿಗೆಗೋ ರಸ್ತೆಗೋ ಮಣ್ಣು ತೆಗೆದು ಎಲ್ಲೆಂದರಲ್ಲಿ ಬಾವಿಯಂಥ ಗುಂಡಿ ಬಿಟ್ಟು ಹೋಗುತ್ತದೆ. ಮಳೆ ಬಂದು ತುಂಬಿದರೆ ಮೇಲಿನಿಂದ ಎಲ್ಲ ಒಂದೇ ನೀರು. ಮೊಣಕಾಲು ನೀರಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಕಾಣೆ. ಜೊತೆಗೆ ತಳದಲ್ಲಿ ಕಾಲು ಹೂತುಕೊಳ್ಳುವ ಕೆಸರು, ಮೇಲೆ ಕಾಲಿಗೆ ಸುತ್ತುವ ಅಂತರಗಂಗೆ.

ತೋಟದ ಕೃಷಿಹೊಂಡವಂತೂ ಇನ್ನೂ ಅಪಾಯ. ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರು ಪಾಚಿ ಕಟ್ಟಿ ಸೋಪಿನ ಹಾಗಾಗಿರುತ್ತದೆ. ಈಜು ಬರುವ ದೊಡ್ಡವರು ಕೂಡ ಹತ್ತಿ ಬರಲಾಗದೆ ಸುಸ್ತಾಗಿ ಮುಳುಗುತ್ತಾರೆ. ನಿಮ್ಮ ಕಡೆ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿಸಿ, ಗೂಟಕ್ಕೆ ಕಟ್ಟಿದ ಗಂಟಿನ ಹಗ್ಗವೊಂದನ್ನು ನೀರಿಗೆ ಇಳಿಬಿಟ್ಟಿರಿ. ಖರ್ಚು ಹೆಚ್ಚಿಲ್ಲ.

ಹಿನ್ನೀರಿಗೂ ಕರೆದುಕೊಂಡು ಹೋಗಬೇಡಿ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಹಿನ್ನೀರಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿ ಚರ್ಚನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಚರ್ಚು ಎತ್ತರವಾಗಿದ್ದಕ್ಕೆ ಕಾಣುತ್ತದೆ. ಮುಳುಗಡೆಯಾದ ಊರಿನ ಗೋಡೆ, ಬಾವಿ, ಮರದ ಬುಡ, ಬೇಲಿ ಇವೆಲ್ಲ ನೀರಿನ ಕೆಳಗೇ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ನೀರಿನ ಸಾಹಸ ಬೇಕಿದ್ದರೆ ಬೇಲೂರಿನ ಯಗಚಿ ಜಲಾಶಯದ ಜಲಸಾಹಸ ಕೇಂದ್ರ ಇದೆ, ಲಕ್ಕವಳ್ಳಿಯ ಭದ್ರಾ ಹಿನ್ನೀರಲ್ಲಿ ಬೋಟಿಂಗ್ ಇದೆ, ಮಳೆಗಾಲದಲ್ಲಿ ಭದ್ರೆಯಲ್ಲಿ ರಾಫ್ಟಿಂಗ್ ಇದೆ. ಎಲ್ಲ ಕಡೆಯೂ ಲೈಫ್ ಜಾಕೆಟ್ ಕೊಡುತ್ತಾರೆ. ಕೊಟ್ಟದ್ದನ್ನು ಹೆಗಲಿಗೆ ನೇತುಹಾಕಿಕೊಂಡರೆ ಪ್ರಯೋಜನವಿಲ್ಲ, ಕೆಳಗಿನ ಬಕಲ್ ತನಕ ಬಿಗಿಯಬೇಕು. ಮಗುವಿಗೆ ಮಗುವಿನ ಅಳತೆಯದೇ ಕೇಳಿ. ದೊಡ್ಡದಾದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೆ, ಮಗು ಕೆಳಗೆ.

ಹಾಗಾಗಿ ಕಲಿಸುವುದು ಪೂಲ್‌ನಲ್ಲಿ. ಆಳ ಬರೆದಿರುವ, ತಳ ಕಾಣುವ, ಕಾವಲಿನವರು ಇರುವ ಪೂಲ್ ನೋಡಿ ಸೇರಿಸಿ. ಆದರೆ ನಿಮ್ಮ ತಂದೆಯವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಪೂಲ್‌ನ ಕೋಚ್ ಕೈಕಾಲು ಹೊಡೆಯುವುದನ್ನು, ಉಸಿರು ಬಿಡುವುದನ್ನು ಚೆನ್ನಾಗಿ ಕಲಿಸುತ್ತಾರೆ. ಏನೂ ಮಾಡದೆ ಅಂಗಾತ ಮಲಗಿ ಹತ್ತು ನಿಮಿಷ ತೇಲುವುದನ್ನು ಕಲಿಸುವವರು ಕಡಿಮೆ. ಕೆರೆಯಲ್ಲಿ ಕಲಿತವರಿಗೆ ಅದು ಬರುತ್ತದೆ. ಸುಸ್ತಾದಾಗ, ಕಾಲು ಮರಗಟ್ಟಿದಾಗ ಜೀವ ಉಳಿಸುವುದು ಅದೇ. ಮೊಮ್ಮಗನಿಗೆ ಅದನ್ನು ತಾತನೇ ಹೇಳಿಕೊಡಲಿ. ಪೂಲ್‌ಗೆ ಹೋಗುವಾಗ ಅವರಿಗೂ ಈಜುಚಡ್ಡಿ, ತಲೆಗೆ ಟೋಪಿ ಒಯ್ಯಿರಿ. ಪಂಚೆಯಲ್ಲಿ ಒಳಗೆ ಬಿಡುವುದಿಲ್ಲ.